ಅನುಭಾವ ಪಾಠ: ದುಃಖವನ್ನು ಏನು ಮಾಡಬೇಕು?



ಕಳೆದ ಹುಣ್ಣಿಮೆಯ ಶಿವಾನುಭವ ಗೋಷ್ಠಿ ಮುಗಿದ ಮೇಲೆ ಪ್ರಶ್ನೆಯ ಪೆಟ್ಟಿಗೆ ತೆರೆದು ನೋಡಿದೆವು. ಅದರಲ್ಲಿ ಒಂದು ಚೀಟಿ ಇತ್ತು. "ಲಿಂಗಪೂಜೆ ಒಂದು ದಿನವೂ ತಪ್ಪಿಸಿಲ್ಲ. ತೂಕದಲ್ಲಿ ಮೋಸ ಮಾಡಿಲ್ಲ. ಆದರೂ ಮೂರು ವರ್ಷದಿಂದ ಒಂದರ ಹಿಂದೆ ಒಂದು ಕಷ್ಟ ಬರುತ್ತಿದೆ. ಇದಕ್ಕೆ ಏನಾದರೂ ಅರ್ಥ ಇದೆಯೇ?" ಎಂದು ಬರೆದಿತ್ತು. ಕೆಳಗೆ ಹೆಸರು ಇರಲಿಲ್ಲ. ಹೆಸರಿನ ಅಗತ್ಯವೂ ಇಲ್ಲ. ಗಡಿಭಾಗದ ನಮ್ಮ ಹಳ್ಳಿಗಳಲ್ಲಿ ಈ ಪ್ರಶ್ನೆ ಕೇಳದ ಮನೆ ಯಾವುದಿದೆ? ಮಳೆ ತಪ್ಪಿದ ಎರೆಹೊಲದವರು ಕೇಳುತ್ತಾರೆ, ಕೊಯ್ಲಿನ ಹೊತ್ತಿಗೆ ಆಣೆಕಲ್ಲು ಬಿದ್ದ ದ್ರಾಕ್ಷಿ ತೋಟದವರು ಕೇಳುತ್ತಾರೆ, ಉದ್ರಿ ಕೊಟ್ಟು ಅಂಗಡಿ ಮುಚ್ಚಿದವರು ಕೇಳುತ್ತಾರೆ, ಮಗನನ್ನು ಮಣ್ಣಿಗಿಟ್ಟು ಬಂದ ತಾಯಿ ಮಾತಿಲ್ಲದೆ ಕೇಳುತ್ತಾಳೆ. ಆದ್ದರಿಂದ ಈ ಸಲದ ಪಾಠವನ್ನು ಇದೇ ಪ್ರಶ್ನೆಗೆ ಮೀಸಲಿಟ್ಟಿದ್ದೇವೆ. ಮನೆಮಂದಿಯೆಲ್ಲ ಕೂಡಿ ಕುಳಿತು, ಒಬ್ಬರು ಓದಿ ಉಳಿದವರು ಕೇಳಬೇಕೆಂದು ನಮ್ಮ ಕೋರಿಕೆ.

ಮೊದಲು ನಮ್ಮದೊಂದು ತಪ್ಪು

ಪಾಠ ಹೇಳುವ ಮೊದಲು ನಾವು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕು.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ರೈತ ಭಕ್ತರ ಮನೆಗೆ ಹೋಗಿದ್ದೆವು. ಹತ್ತೊಂಬತ್ತು ವರ್ಷದ ಮಗ ನೀರಿನ ಮೋಟಾರು ನೋಡಲು ನಸುಕಿನಲ್ಲಿ ಹೊಲಕ್ಕೆ ಹೋದವನು ಕಾಲು ಜಾರಿ ಬಾವಿಗೆ ಬಿದ್ದು ತೀರಿಕೊಂಡಿದ್ದ. ಬಾವಿಗೆ ಕಟ್ಟೆ ಇರಲಿಲ್ಲ. ನಾವು ಆ ತಂದೆಯ ಪಕ್ಕದಲ್ಲಿ ಕುಳಿತು, ರೂಢಿಯಲ್ಲಿ ಬಾಯಿಗೆ ಬರುವ ಮಾತುಗಳನ್ನೇ ಆಡಿದೆವು. ಕಷ್ಟ ಮನುಷ್ಯರಿಗೆ ಬಾರದೆ ಮರಕ್ಕೆ ಬಂದೀತೇ ಎಂದೆವು. ಶಿವನ ಇಚ್ಛೆ ಎಂದೆವು. ಶಿವನು ತನಗೆ ಬೇಕಾದವರನ್ನು ಬೇಗ ಕರೆದುಕೊಳ್ಳುತ್ತಾನೆ ಎಂದೂ ಹೇಳಿದೆವು. ಆತ ತಲೆ ಎತ್ತಿ ನಮ್ಮ ಮುಖ ನೋಡಿ, "ಅಪ್ಪಾರ, ಹಂಗಾದ್ರ ಶಿವಗ ನನ್ನ ಮಗನ ಬೇಕಾಗಿದ್ನೇನ್ರಿ?" ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ವಿಭೂತಿ ಕೊಟ್ಟು ಎದ್ದು ಬಂದೆವು. ಆ ಭಕ್ತರು ಒಂದು ವರ್ಷ ಮಠದ ಕಡೆ ಹಾಯಲಿಲ್ಲ.

ಆ ದಿನ ನಾವು ಕಲಿತದ್ದು ಇದು: ದುಃಖಕ್ಕೆ ಅರ್ಥವನ್ನು ಹೊರಗಿನವರು ಹೋಗಿ ಹೇಳಲು ಬರುವುದಿಲ್ಲ. ಹಸಿವಾದವನ ಎದುರು ಅಡಿಗೆಯ ವರ್ಣನೆ ಮಾಡಿದ ಹಾಗೆ ಅದು. "ನಿನ್ನ ಪೂರ್ವಜನ್ಮದ ಕರ್ಮ" ಎಂದು ಹೇಳುವವರಂತೂ ಗಾಯದ ಮೇಲೆ ಉಪ್ಪು ಸವರುತ್ತಾರೆ. ಹುಟ್ಟಿನಿಂದಲೇ ಒಬ್ಬ ಮೇಲು, ಒಬ್ಬ ಕೀಳು, ಅದು ಹಿಂದಿನ ಜನ್ಮದ ಫಲ ಎಂಬ ಲೆಕ್ಕವನ್ನು ಶರಣರು ಒಪ್ಪಲಿಲ್ಲ. ಆ ಲೆಕ್ಕವನ್ನು ಹಿಂಬಾಗಿಲಿನಿಂದ ತಂದು ನೊಂದವರ ಮನೆಯಲ್ಲಿ ಇಡುವುದು ನಮಗೆ ಸಲ್ಲದು. ಈ ಪಾಠವನ್ನು ಓದುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಇದು ನಮ್ಮ ನಮ್ಮ ದುಃಖಕ್ಕೆ ನಾವು ಹಚ್ಚಿಕೊಳ್ಳುವ ಔಷಧ, ಇನ್ನೊಬ್ಬರ ಮೇಲೆ ಎಸೆಯುವ ಕಲ್ಲಲ್ಲ.

ದುಃಖ ಎಲ್ಲವೂ ಒಂದೇ ಅಲ್ಲ

ದುಃಖದಿಂದ ಮನುಷ್ಯ ಪಕ್ವವಾಗುತ್ತಾನೆ ಎಂದು ಹೇಳುವುದು ಸುಲಭ. ಆದರೆ ದುಃಖದಿಂದ ಕಹಿಯಾದವರನ್ನೂ, ಕುಡಿತಕ್ಕೆ ಬಿದ್ದವರನ್ನೂ, ಹೆಂಡತಿ ಮಕ್ಕಳ ಮೇಲೆ ಕೈ ಮಾಡುವವರನ್ನೂ ನಾವು ನೋಡಿಲ್ಲವೇ? ಬೇಸಿಗೆಯಲ್ಲಿ ಎರೆಹೊಲ ಮೊಳಕಾಲು ಆಳ ಬಿರಿಯುತ್ತದೆ. ಮೊದಲ ಮಳೆ ಬಿದ್ದಾಗ ಅದೇ ಬಿರುಕಿನಿಂದ ನೀರು ಆಳಕ್ಕೆ ಇಳಿಯುತ್ತದೆ. ನಿಜ. ಆದರೆ ಬಿರುಕೇ ಬೆಳೆಯಲ್ಲ. ಮಳೆ ಬರಬೇಕು, ಹೊಲ ಹರಗಬೇಕು, ಬಿತ್ತಬೇಕು. ಬಿರುಕು ಬಿಟ್ಟು ಹಾಗೆಯೇ ಬಿದ್ದ ಹೊಲ ಬರೀ ಬೀಳು. ನೋವು ತನ್ನಷ್ಟಕ್ಕೆ ತಾನು ಏನನ್ನೂ ಬೆಳೆಯುವುದಿಲ್ಲ.

ಆದ್ದರಿಂದ ದುಃಖ ಬಂದಾಗ ಮೊದಲು ಅದರ ಬಗೆಯನ್ನು ಗುರುತಿಸಬೇಕು.

ಒಂದನೆಯದು, ತಡೆಯಬಹುದಾದ ದುಃಖ. ಕಟ್ಟೆಯಿಲ್ಲದ ಬಾವಿ, ಸಾಲ ಮಾಡಿ ಮಾಡುವ ಆಡಂಬರದ ಮದುವೆ, ವೈದ್ಯರ ಹತ್ತಿರ ಹೋಗದೆ ಬಲಿಸಿಕೊಂಡ ರೋಗ. ಇಲ್ಲಿ ಅರ್ಥ ಹುಡುಕುತ್ತ ಕೂಡಬಾರದು. ತಡೆಯುವುದೇ ಧರ್ಮ.

ಎರಡನೆಯದು, ಮನುಷ್ಯರು ಮನುಷ್ಯರಿಗೆ ಕೊಡುವ ದುಃಖ. ಕಳಪೆ ಬೀಜ ಮಾರಿದವನು, ಚಕ್ರಬಡ್ಡಿ ತಿನ್ನುವವನು, ಸೊಸೆಯನ್ನು ಹಿಂಸಿಸುವ ಮನೆ. ಇದನ್ನು ಶಿವನ ಪರೀಕ್ಷೆ ಎಂದು ಸಹಿಸುವುದು ಭಕ್ತಿಯಲ್ಲ. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯನ್ನು ರಾಜನು ಅಪರಾಧವೆಂದಾಗ ಕಲ್ಯಾಣದ ಶರಣರು ಅದು ತಪ್ಪೆಂದು ಒಪ್ಪಿಕೊಳ್ಳಲಿಲ್ಲ. ಪ್ರಾಣ ಕೊಟ್ಟರು, ಊರು ಬಿಟ್ಟರು, ಆದರೆ ಅನ್ಯಾಯಕ್ಕೆ ನ್ಯಾಯದ ಹೆಸರು ಕೊಡಲಿಲ್ಲ.

ಮೂರನೆಯದು, ಆಗಿ ಹೋದದ್ದು, ಮರಳಿ ಸರಿಪಡಿಸಲು ಬಾರದ್ದು. ಸತ್ತವರು ಬರುವುದಿಲ್ಲ, ಹೋದ ವರ್ಷದ ಬೆಳೆ ಬರುವುದಿಲ್ಲ, ಕಳೆದ ಕಾಲು ಮತ್ತೆ ಮೂಡುವುದಿಲ್ಲ. ನಮ್ಮ ಪಾಠ ಮುಖ್ಯವಾಗಿ ಈ ಮೂರನೆಯದರ ಬಗ್ಗೆ. ಆಗಿ ಹೋದದ್ದನ್ನು ಏನು ಮಾಡಬೇಕು?

ಸೊನ್ನಲಿಗೆಯ ಕೆರೆ

ಇದಕ್ಕೆ ಉತ್ತರ ದೂರ ಇಲ್ಲ. ಸೊಲ್ಲಾಪುರದಲ್ಲಿ ಇದೆ. ಸಂಕ್ರಾಂತಿಯ ಜಾತ್ರೆಗೆ, ನಂದಿಧ್ವಜದ ಮೆರವಣಿಗೆಗೆ ನಿಮ್ಮಲ್ಲಿ ಎಷ್ಟೋ ಜನ ಪ್ರತಿ ವರ್ಷ ಹೋಗುತ್ತೀರಿ. ನೀರಿನ ನಡುವೆ ನಿಂತ ಸಿದ್ಧೇಶ್ವರ ಗುಡಿಯನ್ನು ನೋಡಿ ಕೈ ಮುಗಿಯುತ್ತೀರಿ. ಆ ಕೆರೆ ಎಲ್ಲಿಂದ ಬಂತು ಎಂದು ಯೋಚಿಸಿದ್ದೀರಾ?

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗನಾಗಿ ಹುಟ್ಟಿದವರು ಸಿದ್ಧರಾಮರು. ಬಾಲ್ಯದಲ್ಲಿ ಮಾತು ಕಡಿಮೆ. ಮಂದಬುದ್ಧಿಯವನೆಂದೇ ಜನ ತಿಳಿದಿದ್ದರು. ದನ ಕಾಯಲು ಕಳಿಸುತ್ತಿದ್ದರು. ಒಂದು ದಿನ ಹೊಲದಲ್ಲಿ ಒಬ್ಬ ಜಂಗಮ ಬಂದು ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎಂದು ಹೇಳಿ ಉಣ್ಣಲು ಕೇಳಿದನು. ಅಲ್ಲಿಯ ತನಕ ಯಾರೂ ಆ ಹುಡುಗನನ್ನು ಪ್ರೀತಿಯಿಂದ ಮಾತನಾಡಿಸಿ ಏನನ್ನೂ ಕೇಳಿರಲಿಲ್ಲವೇನೋ. ಆತ ಮನೆಗೆ ಓಡಿ ಮಜ್ಜಿಗೆ ಅನ್ನ ತಂದನು. ಬಂದು ನೋಡಿದರೆ ಮಲ್ಲಯ್ಯ ಇಲ್ಲ. ಹುಡುಗ ಹೊಲವೆಲ್ಲ ಹುಡುಕಿ, ಅಳುತ್ತ, ಕೂಗುತ್ತ, ಯಾತ್ರೆಗೆ ಹೊರಟವರ ಬೆನ್ನು ಹತ್ತಿ ಶ್ರೀಶೈಲದ ತನಕ ಹೋದನು. ಗುಡಿಯಲ್ಲಿ ಲಿಂಗ ತೋರಿಸಿದರೆ, ಇದು ನನ್ನ ಮಲ್ಲಯ್ಯ ಅಲ್ಲ ಎಂದು ಅತ್ತನು. ಕಡೆಗೆ ಕಮ್ಮರಿಯ ಅಂಚಿಗೆ ಹೋಗಿ ಹಾರಿಕೊಳ್ಳಲು ನಿಂತನು. ಆಗ ಮಲ್ಲಯ್ಯನೇ ಕೈ ಹಿಡಿದನು ಎಂದು ಪುರಾಣ ಹೇಳುತ್ತದೆ.

ಇಲ್ಲಿಯವರೆಗಿನ ಕಥೆ ನಿಮಗೆಲ್ಲ ಬಾಯಿಪಾಠ. ಮುಂದಿನ ಮಾತನ್ನು ಸಾವಧಾನವಾಗಿ ಕೇಳಿರಿ. ಕೈ ಹಿಡಿದ ಮಲ್ಲಯ್ಯ ಆ ಹುಡುಗನನ್ನು ತನ್ನ ಹತ್ತಿರ ಇಟ್ಟುಕೊಳ್ಳಲಿಲ್ಲ. ಊರಿಗೆ ತಿರುಗಿ ಹೋಗು ಎಂದನು. ಅಗಲಿಕೆಯ ನೋವು ಎಲ್ಲಿ ಹುಟ್ಟಿತ್ತೋ ಅದೇ ಸೊನ್ನಲಿಗೆಗೆ ಹೋಗಿ ಕೆಲಸ ಮಾಡು ಎಂದನು. ಸಿದ್ಧರಾಮರು ಬಂದರು. ಗುಡಿ ಕಟ್ಟಿಸಿದರು. ಲಿಂಗಗಳನ್ನು ಸ್ಥಾಪಿಸಿದರು. ಮಳೆ ನೆಚ್ಚಿ ಬದುಕುವ ಆ ನಾಡಿನಲ್ಲಿ ಜನರನ್ನು ಕೂಡಿಸಿ ಕೆರೆ ಅಗೆಸಿದರು. ತನ್ನ ಹಸಿದ ಜಂಗಮನಿಗೆ ಒಂದು ತುತ್ತು ಅನ್ನ ಮುಟ್ಟಿಸಲಾಗಲಿಲ್ಲ ಎಂದು ಅತ್ತವನು, ಬಾಯಾರಿದ ಸಾವಿರಾರು ಜನರಿಗೆ, ದನಕರುಗಳಿಗೆ, ಪಕ್ಷಿಗಳಿಗೆ ನೀರು ಮುಟ್ಟಿಸಿದನು.

ಅಂದರೆ ಆತನ ದುಃಖ ಮಾಯವಾಯಿತೆಂದು ಅರ್ಥವಲ್ಲ. ದುಃಖಕ್ಕೆ ಕೈಕಾಲು ಬಂದವು. ಅದು ಕಾಯಕವಾಯಿತು. ಆ ಕಾಯಕದ ಫಲ ತನ್ನ ಮನೆಗೆ ಬಾರದೆ ಊರಿಗೆ ಹೋಯಿತು, ಹಾಗಾಗಿ ಅದು ದಾಸೋಹವಾಯಿತು. ಶರಣರು ದುಃಖಕ್ಕೆ ಕೊಟ್ಟ ಅರ್ಥ ಇದೇ ಎಂದು ನಾವು ತಿಳಿದಿದ್ದೇವೆ. ದುಃಖ ಯಾಕೆ ಬಂತು ಎಂಬ ಪ್ರಶ್ನೆ ಹಿಂದಕ್ಕೆ ಎಳೆಯುತ್ತದೆ, ಅದರ ಬೇರು ಯಾರಿಗೂ ಸಿಕ್ಕುವುದಿಲ್ಲ. ಈಗ ಇದನ್ನು ತೆಗೆದುಕೊಂಡು ಯಾರಿಗೆ ಏನು ಮಾಡಲಿ ಎಂಬ ಪ್ರಶ್ನೆ ಮುಂದಕ್ಕೆ ಕರೆದೊಯ್ಯುತ್ತದೆ.

ಎಪ್ಪತ್ತೆರಡರ ಬರ

ಇದು ಪುರಾಣದ ಕಾಲಕ್ಕೆ ಮಾತ್ರ ಸರಿ ಎನ್ನುವವರಿಗೆ ನಮ್ಮ ಹಿರಿಯರು ಕಂಡ ಒಂದು ಮಾತು ಹೇಳುತ್ತೇವೆ. 1972ರ ಬರವನ್ನು ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಹಳಬರು ಇನ್ನೂ ಮರೆತಿಲ್ಲ. ಮಳೆ ಮೇಲಿಂದ ಮೇಲೆ ಕೈಕೊಟ್ಟು, ಸ್ವಂತ ಹೊಲ ಇದ್ದ ಗೌಡರ ಮನೆಯವರೂ ಬುಟ್ಟಿ ಹೊತ್ತು ಸರಕಾರದ ಕೆಲಸಕ್ಕೆ ಹೋಗಬೇಕಾಯಿತು. 1973ರ ಬೇಸಿಗೆಯಲ್ಲಿ ಮಹಾರಾಷ್ಟ್ರದಲ್ಲಿ ಹೀಗೆ ಕಲ್ಲು ಒಡೆಯುವ, ಮಣ್ಣು ಹೊರುವ ಜನರ ಸಂಖ್ಯೆ ಸುಮಾರು 50 ಲಕ್ಷ ಮುಟ್ಟಿತ್ತು. ನಾಚಿಕೆಯಿಂದ ಮುಖಕ್ಕೆ ಸೆರಗು ಎಳೆದುಕೊಂಡು ಕೆಲಸಕ್ಕೆ ನಿಂತ ತಾಯಂದಿರ ಕಥೆಯನ್ನು ನಾವು ಕೇಳಿದ್ದೇವೆ.

ಆ ಕಷ್ಟದಿಂದ ಎರಡು ವಸ್ತು ಉಳಿದವು. ಒಂದು, ಆ ಕೈಗಳು ಕಟ್ಟಿದ ಒಡ್ಡುಗಳು, ಪಾಝರ ತಲಾವುಗಳು, ರಸ್ತೆಗಳು. ಎರಡನೆಯದು ಒಂದು ಕಾಯಿದೆ. ಕೆಲಸ ಕೇಳಿದ ಹಳ್ಳಿಗನಿಗೆ ಕೆಲಸ ಕೊಡುವುದು ಸರಕಾರದ ಹೊಣೆ ಎಂಬ ಉದ್ಯೋಗ ಖಾತರಿಯ ಮಾತು ಆ ಬರದ ದಿನಗಳಲ್ಲಿ ಬಲಗೊಂಡು, 1977ರಲ್ಲಿ ಮಹಾರಾಷ್ಟ್ರದ ಕಾಯಿದೆಯಾಯಿತು. ಮುಂದೆ 2005ರಲ್ಲಿ ಇಡೀ ದೇಶಕ್ಕೆ ಮಾಡಿದ ಕಾಯಿದೆಗೆ ಅದೇ ಮಾದರಿಯಾಯಿತು. ಬರ ಒಳ್ಳೆಯದಾಗಿತ್ತು ಎಂದು ಯಾವ ಬಾಯಿಂದ ಹೇಳುವುದು? ಅದು ಕೆಟ್ಟದ್ದೇ. ಆದರೆ ಅದನ್ನು ಉಂಡವರ ಬೆವರು ವ್ಯರ್ಥವಾಗಲಿಲ್ಲ.

ಕಿಲ್ಲಾರಿಯ ಗೋಡೆಗಳು

ಇನ್ನೂ ಹತ್ತಿರದ ಮಾತು. 1993ರ ಸೆಪ್ಟೆಂಬರ್ 30ರ ನಸುಕು. ಗಣಪತಿ ಕಳಿಸಿ ಬಂದು ಜನ ದಣಿದು ಮಲಗಿದ್ದರು. ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಕಲಬುರ್ಗಿ, ಬೀದರ, ಸೊಲ್ಲಾಪುರದ ಕಡೆ ಪಾತ್ರೆಗಳು ಉರುಳಿ, ಜನ ಬೀದಿಗೆ ಓಡಿ ಬಂದದ್ದು ಹಿರಿಯರಿಗೆ ನೆನಪಿದೆ. ಕಿಲ್ಲಾರಿ, ಸಾಸ್ತೂರು, ಮಂಗರೂಳ ಮುಂತಾದ ಹಳ್ಳಿಗಳಲ್ಲಿ ಓಡಿ ಬರುವಷ್ಟು ಸಮಯ ಸಿಗಲಿಲ್ಲ. ಲಾತೂರು ಮತ್ತು ಆಗ ಉಸ್ಮಾನಾಬಾದ್ ಎನಿಸಿದ್ದ ಇಂದಿನ ಧಾರಾಶಿವ ಜಿಲ್ಲೆಗಳಲ್ಲಿ ಐವತ್ತಕ್ಕೂ ಹೆಚ್ಚು ಹಳ್ಳಿಗಳು ನೆಲಸಮವಾದವು. ಎಂಟರಿಂದ ಹತ್ತು ಸಾವಿರ ಜನ ಸತ್ತರು. ಅವರಲ್ಲಿ ನಮ್ಮ ಬೀಗರು, ನಮ್ಮ ಭಕ್ತರು ಇದ್ದರು.

ಆಗಲೂ ಕೆಲವರು, ಇದು ಜನರ ಪಾಪದ ಫಲ ಎಂದರು. ತಿಳಿದವರು ಬಂದು ನೋಡಿ ಬೇರೆ ಮಾತು ಹೇಳಿದರು. ಕೊಂದದ್ದು ಬರೀ ಭೂಮಿಯಲ್ಲ, ಗೋಡೆ. ನಮ್ಮ ಕಡೆಯ ಮಾಳಿಗೆ ಮನೆಗಳಂತೆಯೇ ಅಲ್ಲಿಯೂ ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಚೂರು ಕಲ್ಲು; ಎರಡೂ ಸಾಲುಗಳನ್ನು ಹಿಡಿದು ಕಟ್ಟುವ ಉದ್ದ ಕಲ್ಲುಗಳಿಲ್ಲ. ಮೇಲೆ ಬಿಸಿಲು ತಡೆಯಲೆಂದು ಹೇರಿದ ಮಣ್ಣಿನ ಭಾರ. ನೆಲ ನಡುಗಿದಾಗ ಸಾಲುಗಳು ಒಂದಕ್ಕೊಂದು ಕೈಬಿಟ್ಟವು, ಮೇಲಿನ ಭಾರ ಮಲಗಿದವರ ಮೇಲೆ ಬಂತು.

ಹಳ್ಳಿಗಳನ್ನು ಮರಳಿ ಕಟ್ಟುವ ಕೆಲಸ ವರ್ಷಗಟ್ಟಲೆ ನಡೆಯಿತು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ನೆರವಿನಿಂದ ಆ ಜಿಲ್ಲೆಗಳ ನೂರಾರು ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಸಂವಾದ ಸಹಾಯಕಿಯರಾಗಿ ಮುಂದೆ ಬಂದರು. ಅವರಲ್ಲಿ ಅನೇಕರು ಅಲ್ಲಿಯ ತನಕ ನಾಲ್ಕು ಜನರ ಎದುರು ಬಾಯಿ ಬಿಟ್ಟವರಲ್ಲ. ಅಂಥವರು ಗೋಡೆಯಲ್ಲಿ ಉದ್ದ ಕಲ್ಲು ಎಲ್ಲಿ ಇಡಬೇಕು, ಬಾಗಿಲ ಮೇಲೆ ಕಾಂಕ್ರೀಟಿನ ಪಟ್ಟಿ ಹೇಗೆ ಹಾಯಬೇಕು ಎಂಬುದನ್ನು ಕಲಿತರು. ಗೌಂಡಿಯ ಕೆಲಸ ನಿಂತು ನೋಡಿದರು, ಸರಿಯಿಲ್ಲದಿದ್ದರೆ ಕೇಳಿದರು, ಸರಕಾರದ ಹಣದ ಲೆಕ್ಕ ವಿಚಾರಿಸಿದರು.

ಅಲ್ಲಿಗೇ ಮುಗಿಯಲಿಲ್ಲ. 2001ರ ಜನವರಿ 26ರಂದು ಗುಜರಾತದ ಕಚ್ಛ್‌ನಲ್ಲಿ ದೊಡ್ಡ ಭೂಕಂಪವಾಗಿ ಸಾವಿರಾರು ಜನ ಸತ್ತರು. ಆಗ ಲಾತೂರು, ಉಸ್ಮಾನಾಬಾದ್ ಕಡೆಯ ಈ ಹಳ್ಳಿಯ ಹೆಣ್ಣುಮಕ್ಕಳು ಅಲ್ಲಿಗೆ ಹೋದರು. ಭಾಷೆ ಬೇರೆ, ಉಡುಗೆ ಬೇರೆ. ಆದರೆ ಬಿದ್ದ ಮನೆಯ ಮುಂದೆ ಕುಳಿತ ಹೆಂಗಸಿನ ಪಕ್ಕದಲ್ಲಿ ಹೇಗೆ ಕೂಡಬೇಕು ಎಂಬುದು ಅವರಿಗೆ ಗೊತ್ತಿತ್ತು. ನಮಗೂ ಹೀಗೇ ಆಗಿತ್ತು, ನಾವು ಎದ್ದು ನಿಂತೆವು, ಮನೆ ಹೀಗೆ ಕಟ್ಟಿದೆವು ಎಂದು ಅವರು ಹೇಳಿದರೆ ಅದಕ್ಕೆ ತೂಕವಿತ್ತು. ನಾವು ಹೋಗಿ ಗಂಟೆಗಟ್ಟಲೆ ಪ್ರವಚನ ಮಾಡಿದ್ದರೂ ಆ ತೂಕ ಬರುತ್ತಿರಲಿಲ್ಲ. ನೋವು ಉಂಡವರಿಗೆ ಮಾತ್ರ ಸಿಗುವ ಒಂದು ಅಧಿಕಾರವಿದೆ. ಅದು ಇನ್ನೊಬ್ಬ ನೊಂದವರ ಹತ್ತಿರ ಕೂಡುವ ಅಧಿಕಾರ.

ನೋವಿನ ಅಹಂಕಾರ

ಇಲ್ಲಿ ಒಂದು ಅಪಾಯವನ್ನೂ ಹೇಳಬೇಕು. ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದರು. ಮಣ್ಣು ಹೊರುವ ಒಡ್ಡರ ಕೆಲಸದಲ್ಲಿ ಮುಳುಗಿದ ರಾಮನೆಲ್ಲಿ ಎಂದು ಬೇಕೆಂದೇ ಹಗುರವಾಗಿ ಕೇಳಿದರು. ಕೆಲಸಗಾರರು ಸಿಟ್ಟಾಗಿ ಕಲ್ಲು ತೂರಿದರು, ಸಿದ್ಧರಾಮರಿಗೂ ಕೋಪ ಬಂತು. ಕೆರೆ ಬೇಡವೆಂದು ಪ್ರಭುಗಳು ಹೇಳಲಿಲ್ಲ. ಕೆರೆಯ ಒಡ್ಡಿನ ಮೇಲೆ ನಾನು ಎಂಬುದು ಬೆಳೆದು ನಿಂತಿದೆಯೋ ಏನೋ ಎಂದು ತಟ್ಟಿ ನೋಡಿದರು. ಆಮೇಲೆ ಸಿದ್ಧರಾಮರು ಅವರೊಡನೆ ಕಲ್ಯಾಣಕ್ಕೆ ಹೋದರು, ಇಷ್ಟಲಿಂಗವನ್ನು ಪಡೆದು ಶಿವಯೋಗಿಯಾದರು.

ದುಃಖಕ್ಕೂ ಇಂಥದೊಂದು ಅಹಂಕಾರವಿದೆ. ನನ್ನಷ್ಟು ಕಷ್ಟ ಯಾರೂ ಪಟ್ಟಿಲ್ಲ, ನಾನು ಹಸಿದು ಬೆಳೆದೆ, ನೀವೂ ಹಸಿಯಿರಿ ಎನ್ನುವ ತಂದೆ. ನನಗೆ ನನ್ನ ಅತ್ತೆ ಕೊಟ್ಟ ಕಾಟ ನಿನಗೇನು ಗೊತ್ತು ಎಂದು ಸೊಸೆಗೆ ಅದನ್ನೇ ಕೊಡುವ ಅತ್ತೆ. ಇವರೂ ನೋವು ಉಂಡವರೇ. ಆದರೆ ಇವರು ನೋವನ್ನು ಬಡ್ಡಿ ಸಮೇತ ಮುಂದಿನವರ ಖಾತೆಗೆ ಬರೆಯುತ್ತಾರೆ. ಒಂದೇ ಮಣ್ಣಿನಿಂದ ಕೆರೆಯ ಒಡ್ಡನ್ನೂ ಕಟ್ಟಬಹುದು, ಮನೆಯ ನಡುವೆ ಗೋಡೆಯನ್ನೂ ಕಟ್ಟಬಹುದು. ಯಾವುದನ್ನು ಕಟ್ಟುತ್ತಿದ್ದೇವೆ ಎಂದು ನಿತ್ಯ ಲಿಂಗಪೂಜೆಯಲ್ಲಿ ಕುಳಿತಾಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಮನೆಯಲ್ಲಿ, ಓಣಿಯಲ್ಲಿ ಏನು ಮಾಡಬೇಕು?

ಒಂದು, ಲೆಕ್ಕ ಮುಚ್ಚಿಡಬೇಡಿರಿ. ವ್ಯಾಪಾರಿ ಬಂಧುಗಳಿಗೆ ಕೀರ್ದಿ ಬರೆಯುವುದು ಗೊತ್ತು. ಜಮೆ ಖರ್ಚು ಎರಡನ್ನೂ ಬರೆದಾಗಲೇ ಅಂಗಡಿಯ ನಿಜ ಸ್ಥಿತಿ ತಿಳಿಯುವುದು. ದುಃಖದ ಖರ್ಚಿನ ಪುಟವನ್ನು ಮಾತ್ರ ಗಂಡಸರು ಹೆಂಡತಿಗೂ ತೋರಿಸುವುದಿಲ್ಲ. ಸಾಲ ಎಷ್ಟು, ಯಾರ ಹತ್ತಿರ, ಬಡ್ಡಿ ಎಷ್ಟು ಎಂಬುದು ಮನೆಯವರಿಗೆ ತಿಳಿಯುವುದು ಎಷ್ಟೋ ಸಲ ಮನುಷ್ಯ ಹೋದ ಮೇಲೆ. ಸದ್ಭಕ್ತರೇ, ಬಿಚ್ಚಿ ಹೇಳುತ್ತೇವೆ. ಸಾಲಕ್ಕಾಗಿ ಜೀವ ತೆಗೆದುಕೊಂಡ ರೈತರ ಮನೆಗಳಿಗೆ ನಾವು ಹೋಗಿದ್ದೇವೆ. ಅಲ್ಲಿ ಸಾಲ ಹಾಗೆಯೇ ಇರುತ್ತದೆ, ಹೊರುವ ಹೆಗಲು ಮಾತ್ರ ಒಂದು ಕಡಿಮೆ ಆಗಿರುತ್ತದೆ. ಕಮ್ಮರಿಯ ಅಂಚಿಗೆ ಹೋದ ಸಿದ್ಧರಾಮರನ್ನು ಮಲ್ಲಯ್ಯ ಹಿಡಿದದ್ದು ಸಾಯಲಿಕ್ಕಲ್ಲ, ಮರಳಿ ಕಳಿಸಲಿಕ್ಕೆ. ಅಂಥ ವಿಚಾರ ಮನಸ್ಸಿನಲ್ಲಿ ಸುಳಿದರೆ ಆ ರಾತ್ರಿಯೇ ಮನೆಯವರಿಗೆ ಹೇಳಿರಿ, ಮಠದ ಬಾಗಿಲು ಬಡಿಯಿರಿ, ವೈದ್ಯರ ಹತ್ತಿರ ಹೋಗಿರಿ. ಸರಕಾರದ ಟೆಲಿ ಮಾನಸ ಎಂಬ ವ್ಯವಸ್ಥೆ 2022ರಿಂದ ನಡೆದಿದೆ. 14416 ಎಂಬ ಸಂಖ್ಯೆಗೆ ಹಣ ಕೊಡದೆ ಫೋನ್ ಮಾಡಿ ಕನ್ನಡದಲ್ಲಿ, ಮರಾಠಿಯಲ್ಲಿ ಮಾತನಾಡಬಹುದು. ಇದರಲ್ಲಿ ನಾಚಿಕೆ ಏನಿಲ್ಲ.

ಎರಡು, ನೊಂದವರನ್ನು ದೂರ ಇಡಬೇಡಿರಿ. ಸಾವಿನ ಸೂತಕ ಲಿಂಗವಂತರಿಗೆ ಇಲ್ಲ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸೂತಕ ಇಲ್ಲವೆಂದ ಮೇಲೆ ಸತ್ತವರ ಮನೆಗೆ ಹೋಗಲು, ಅಲ್ಲಿ ಉಣ್ಣಲು, ಅವರನ್ನು ನಮ್ಮ ಮನೆಗೆ ಕರೆಯಲು ಅಡ್ಡಿ ಏನು? ಹೋದಾಗ ಉಪದೇಶ ಮಾಡುವ ಬದಲು ನಾಲ್ಕು ರೊಟ್ಟಿ, ಪಲ್ಯ ಒಯ್ಯಿರಿ. ಅವರ ದನಕ್ಕೆ ಮೇವು ಹಾಕಿ ಬನ್ನಿರಿ. ಬಿತ್ತನೆಯ ದಿನವಾದರೆ ಅವರ ಹೊಲಕ್ಕೆ ಒಂದು ದಿನ ಕೂರಿಗೆ ಹೂಡಿರಿ. ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮ ತಾಯಿಯ ಹೆಸರು ಮೊದಲು ಲಿಂಗಮ್ಮ ಎಂದಿತ್ತೆಂದೂ, ಕೊಡುವ ಗುಣದಿಂದ ದಾನಮ್ಮ ಆದರೆಂದೂ ನಮ್ಮ ಜನ ಹೇಳುತ್ತಾರೆ. ಆ ತಾಯಿಯ ಭಕ್ತರಾದ ನಾವು ಕೊಡುವ ಕೈಯನ್ನು ಹುಂಡಿಯ ತನಕ ಮಾತ್ರ ಚಾಚಿದರೆ ಸಾಲದು.

ಮೂರು, ಗಂಡನನ್ನು ಕಳೆದುಕೊಂಡ ತಂಗಿಯರ ದುಃಖಕ್ಕೆ ಇನ್ನೊಂದು ದುಃಖ ಸೇರಿಸಬೇಡಿರಿ. ಮದುವೆಯ ಹಂದರದಲ್ಲಿ ಅವರನ್ನು ಹಿಂದೆ ಸರಿಸುವುದು, ಶುಭಕಾರ್ಯಕ್ಕೆ ಕರೆಯದಿರುವುದು ಶರಣಧರ್ಮವಲ್ಲ. ಹೊಲದ ಸಾತ್‌ಬಾರಾ ಉತಾರದಲ್ಲಿ ಆಕೆಯ ಹೆಸರು ಏರಿಸಲು ಭಾವ ಮೈದುನರು ತಾವೇ ತಲಾಠಿ ಕಚೇರಿಗೆ ಹೋಗಬೇಕು. ಇದು ಎರಡನೆಯ ಬಗೆಯ ದುಃಖ, ಮನುಷ್ಯರು ಕೊಡುವಂಥದ್ದು. ಇದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿದೆ.

ನಾಲ್ಕು, ಅಳುವುದಕ್ಕೆ ಸಮಯ ಕೊಡಿರಿ. ದುಃಖ ಬಂದ ಮರುದಿನವೇ ಯಾರೂ ಕೆರೆ ಕಟ್ಟಲಾರರು. ಸಿದ್ಧರಾಮರು ಸೊಲ್ಲಾಪುರದಿಂದ ಶ್ರೀಶೈಲದ ತನಕ ಅಳುತ್ತಲೇ ನಡೆದರು. ಅದು ಸಣ್ಣ ದಾರಿಯಲ್ಲ. ಒಬ್ಬೊಬ್ಬರ ದಾರಿ ಒಂದೊಂದು ಉದ್ದ. ಬೇಗ ಮುಗಿಸು ಎಂದು ಯಾರಿಗೂ ಹೇಳಬಾರದು.

ಬಾವಿಯ ಕಟ್ಟೆ

ಮಗನನ್ನು ಕಳೆದುಕೊಂಡ ಆ ರೈತರ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆವು. ಒಂದು ವರ್ಷದ ಮೇಲೆ ಬಸವ ಜಯಂತಿಗೆ ಎರಡು ದಿನ ಇರುವಾಗ ಅವರು ಮಠಕ್ಕೆ ಬಂದರು. ನಮಸ್ಕಾರ ಮಾಡಿ ಬಹಳ ಹೊತ್ತು ಸುಮ್ಮನೆ ಕುಳಿತರು. ಈ ಸಲ ನಾವೂ ಸುಮ್ಮನೆ ಕುಳಿತೆವು. ಆಮೇಲೆ ಅವರೇ ಮಾತು ತೆಗೆದರು. ತಮ್ಮ ಬಾವಿಗೆ ಎದೆಯುದ್ದ ಕಟ್ಟೆ ಕಟ್ಟಿಸಿದ್ದಾಗಿಯೂ, ಪಕ್ಕದ ಹೊಲದವರಿಗೆ ಹೇಳಿ ಅವರ ಬಾವಿಗೂ ಕಟ್ಟಿಸಿದ್ದಾಗಿಯೂ, ಬಡವರ ಬಾವಿಗೆ ತಾವೇ ಕಲ್ಲು ಒಯ್ದು ಹಾಕುತ್ತಿರುವುದಾಗಿಯೂ ಹೇಳಿದರು. ಜಯಂತಿಯ ದಿನ ಸುತ್ತಲಿನ ಹಳ್ಳಿಗಳ ಜನ ಕೂಡಿದಾಗ ಕಟ್ಟೆಯಿಲ್ಲದ ಬಾವಿಗಳ ಬಗ್ಗೆ ನಾವು ಒಂದು ಮಾತು ಹೇಳಬೇಕೆಂದು ಕೇಳಲು ಬಂದಿದ್ದರು.

"ಇದರಿಂದ ನನ್ನ ಮಗ ತಿರಗಿ ಬರೂದಿಲ್ರಿ ಅಪ್ಪಾರ, ಅದು ನನಗ ಗೊತ್ತದ. ಆದ್ರ ಮತ್ತೊಬ್ಬರ ಮನ್ಯಾಗ ಇಂಥಾ ಮುಂಜಾನಿ ಆಗಬಾರದು" ಎಂದರು.

ಆ ವರ್ಷ ಜಯಂತಿಯಲ್ಲಿ ನಾವು ಹೇಳಿದ್ದು ಅದೊಂದೇ ಮಾತು. ಎಷ್ಟೋ ಬಾವಿಗಳಿಗೆ ಕಟ್ಟೆ ಬಂದವು. ಎಲ್ಲಕ್ಕೂ ಬಂದಿಲ್ಲ. ಆ ತಾಯಿ ಮಾತ್ರ ಇಂದಿಗೂ ಆ ಬಾವಿಯ ಹತ್ತಿರ ಹೋಗುವುದಿಲ್ಲ. ಕಟ್ಟೆ ಕಟ್ಟಿದ್ದರಿಂದ ದುಃಖ ತೀರಿತು ಎಂದು ನಾವು ಸುಳ್ಳು ಹೇಳುವುದಿಲ್ಲ. ಅದು ತೀರುವಂಥದ್ದಲ್ಲ. ಆದರೆ ಆ ಊರಿನ ಮಕ್ಕಳು ನಸುಕಿನಲ್ಲಿ ಮೋಟಾರು ಚಾಲೂ ಮಾಡಲು ಹೋದಾಗ ಕತ್ತಲಲ್ಲಿ ಅವರ ಕೈಗೆ ಒಂದು ಕಟ್ಟೆ ಸಿಗುತ್ತದೆ. ಆ ಕಟ್ಟೆ ಒಬ್ಬ ತಂದೆಯ ದುಃಖದಿಂದ ಕಟ್ಟಿದ್ದು ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಚೀಟಿ ಬರೆದ ಭಕ್ತರೇ, ನಿಮ್ಮ ಕಷ್ಟಕ್ಕೆ ಏನು ಅರ್ಥ ಎಂದು ಕೇಳಿದ್ದೀರಿ. ನಾವು ಹೇಳಲಾರೆವು. ಅದು ಎಲ್ಲೋ ಬರೆದಿಟ್ಟಿದ್ದು, ಹುಡುಕಿ ಓದಬೇಕಾದದ್ದು ಅಲ್ಲ. ನೀವು ಅದರಿಂದ ಏನು ಕಟ್ಟುತ್ತೀರೋ ಅದೇ ಅದರ ಅರ್ಥವಾಗುತ್ತದೆ. ಮುಂದಿನ ಹುಣ್ಣಿಮೆಗೆ ಬನ್ನಿರಿ. ಹೆಸರು ಹೇಳದಿದ್ದರೂ ಚಿಂತೆಯಿಲ್ಲ, ಪಂಕ್ತಿಯಲ್ಲಿ ಕುಳಿತು ಪ್ರಸಾದ ತೆಗೆದುಕೊಂಡು ಹೋಗಿರಿ. ನಿಮ್ಮ ಎಡಬಲದಲ್ಲಿ ಕುಳಿತವರೂ ಒಂದೊಂದು ಚೀಟಿ ಬರೆಯಬೇಕಾದವರೇ.

ಗೋಷ್ಠಿಯಲ್ಲಿ ಮನನಕ್ಕೆ ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಕಳೆದ ವರ್ಷ ನಡೆದ ಒಂದು ದುಃಖದ ಸಂಗತಿ ಯಾವ ಬಗೆಯದು? ಅದನ್ನು ತಡೆಯಬಹುದಿತ್ತೇ?

2. ಮಲ್ಲಯ್ಯನು ಸಿದ್ಧರಾಮರನ್ನು ಶ್ರೀಶೈಲದಲ್ಲಿ ಇಟ್ಟುಕೊಳ್ಳದೆ ಊರಿಗೆ ಕಳಿಸಿದ್ದು ಏಕೆ?

3. ನಮ್ಮ ಹಿರಿಯರಿಂದ ನಾವು ಉಂಡ ಯಾವ ನೋವನ್ನು ನಮ್ಮ ಮಕ್ಕಳಿಗೆ ದಾಟಿಸುತ್ತಿದ್ದೇವೆ? ಅದನ್ನು ನಮ್ಮಲ್ಲಿಗೇ ನಿಲ್ಲಿಸುವುದು ಹೇಗೆ?

4. ನಿಮ್ಮ ಓಣಿಯಲ್ಲಿ ಕಟ್ಟೆಯಿಲ್ಲದ ಬಾವಿ ಎಷ್ಟು ಇವೆ? ಮುಂದಿನ ಗೋಷ್ಠಿಗೆ ಬರುವಾಗ ಎಣಿಸಿಕೊಂಡು ಬನ್ನಿರಿ.